ನಲವತ್ತು ದಿನದ ಎದೆಬಿಲ್ಲೆ

ಬೀದರ
ಫೆಬ್ರುವರಿ 30, 2193

ನೀಲಗಂಗಾ ಆಯಿಗೆ ನಮಸ್ಕಾರ.

ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮಗಿನ್ನೂ ಹತ್ತೊಂಬತ್ತು ವರ್ಷ, ಅಜ್ಜಿಯನ್ನು ಕರೆದಂತೆ ಆಯಿ ಎಂದದ್ದಕ್ಕೂ ಕ್ಷಮಿಸಿ. ನಡುವೆ ಆರು ತಲೆಮಾರು ಇರುವಾಗ ಬೇರೆ ಏನೆಂದು ಕರೆಯಲಿ? ತಾರೀಖು ತಪ್ಪಿಲ್ಲ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ತಪ್ಪುಗಳಿರುವುದು ನನ್ನ ಕನ್ನಡದಲ್ಲಿ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಇಲ್ಲಿ ಪಾಠವೆಲ್ಲ ಇಂಗ್ಲಿಷು, ಊಟ ಮತ್ತು ಜಗಳ ಮಾತ್ರ ಕನ್ನಡ. ಇದು ಜಗಳದ ಪತ್ರವಾದ್ದರಿಂದ ಹೇಗೋ ನಡೆದೀತು.

ಮೊದಲ ವರ್ಷದವರಿಗೆ ಒಂದು ಹಿಂದಂಚೆ ಉಚಿತ. ಕಳೆದ ಕಾಲಕ್ಕೆ ಹೋಗುವ ಟಪಾಲು ಅದು. ಹೆಚ್ಚಿನವರು ಯಾವುದೋ ಮುತ್ತಜ್ಜನಿಗೆ ನಮಸ್ಕಾರ ಹೇಳಿ ಮುಗಿಸುತ್ತಾರೆ. ನನಗೆ ಒಂದು ಪ್ರಶ್ನೆಯಿದೆ.

ನಾನು ಓದುವುದು ಬಾನುಲೆಕ್ಕ. ಯಾವ ಊರಿಗೆ ಯಾವಾಗ ಎಷ್ಟು ಮಳೆ ಬರುತ್ತದೆಂದು ಮೊದಲೇ ಹೇಳುವ ವಿದ್ಯೆ. ನಮ್ಮ ಕಾಲದಲ್ಲಿ ಹೊಲದ ಬದುಗಳ ಮೇಲೆ ಕಂಬ ನೆಟ್ಟು, ಅದರ ತುದಿಗೊಂದು ತಗಡಿನ ಬಟ್ಟಲು ಕೂರಿಸಿರುತ್ತಾರೆ. ಮಳೆಗಿವಿ ಎಂದು ಅದರ ಹೆಸರು. ಗಾಳಿ, ತೇವ, ಹನಿಗಳ ಸುದ್ದಿಯನ್ನು ಅದು ಗಂಟೆಗೊಮ್ಮೆ ಕಳಿಸುತ್ತದೆ, ನಮ್ಮ ಕಂಪ್ಯೂಟರುಗಳು ಲೆಕ್ಕ ಹಾಕುತ್ತವೆ. ನೀವು ಪ್ರೊಸೆಸರ್ ಎನ್ನುವುದು ನಮಗೆ ಎದೆಬಿಲ್ಲೆ. ಅಂಗಿಯ ಗುಂಡಿಯಷ್ಟು ಗಾತ್ರ, ಒಲೆಯಷ್ಟು ಕಾವು. ಅದನ್ನು ತಣಿಸಲು ನೆಲದಡಿಯ ಹಳೇ ಸುರಂಗಬಾವಿಯ ನೀರನ್ನು ಹಾಸ್ಟೆಲಿನ ಗೋಡೆಯೊಳಗೆ ಹರಿಸಿದ್ದಾರೆ. ಕಾದು ಹೊರಬಂದ ನೀರೇ ನಮಗೆ ಸ್ನಾನಕ್ಕೆ, ಅದೇ ಜೋಳದ ಹಿಟ್ಟು ನಾದಲಿಕ್ಕೆ. ಪರೀಕ್ಷೆಯ ದಿನಗಳಲ್ಲಿ ನೀರು ಚೆನ್ನಾಗಿ ಕಾಯುವುದರಿಂದ ರೊಟ್ಟಿ ಮೆತ್ತಗಿರುತ್ತವೆ.

ಈ ತಿಂಗಳು ಒಂಬತ್ತನೇ ಮಾದರಿಯ ಬಿಲ್ಲೆ ಬಂದಿದೆ. ನನ್ನದು ಆರನೆಯದು. ಹೊಸದರ ಬೆಲೆ ನಲವತ್ತು ದಿನ. ವಿದ್ಯಾರ್ಥಿಗಳು ಇಲ್ಲಿ ಬೆಲೆ ತೆರುವುದು ದಿನಗಳಲ್ಲಿ, ಸುರಂಗದ ಹೂಳು ತೆಗೆಯುವ ಕೆಲಸದಲ್ಲಿ. ನಲವತ್ತು ದಿನವೆಂದರೆ ನನ್ನ ಬೇಸಿಗೆ ರಜೆ ಪೂರ್ತಿ. ವರ್ಷಕ್ಕೆ ನಾನು ಅವ್ವನ ಮನೆಯಲ್ಲಿರುವುದು ಆ ನಲವತ್ತು ದಿನ ಮಾತ್ರ. ಹೊಸ ಬಿಲ್ಲೆ ಹಳೇ ಬೋರ್ಡಿನಲ್ಲಿ ಕೂರುವುದೂ ಇಲ್ಲವಂತೆ. ಬೋರ್ಡಿಗೆ ಮತ್ತೆ ಹನ್ನೆರಡು ದಿನ, ಅದು ಮುಂದಿನ ವರ್ಷದ ರಜೆಯಲ್ಲಿ ಕಡಿತ, ಸಣ್ಣಕ್ಷರದಲ್ಲಿ ಬರೆದಿದ್ದರು. ಶನಿವಾರದೊಳಗೆ ಸಹಿ ಹಾಕದವರು ಹಿಂದಿನ ಬೆಂಚಿಗೆ. ಹಿಂದಿನ ಬೆಂಚಿನವರ ಲೆಕ್ಕವನ್ನು ಊರುಗಳಿಗೆ ಕಳಿಸುವುದಿಲ್ಲ. ಮಳೆ ಹೇಳಬೇಕೆಂದೇ ಬಂದವಳಿಗೆ ಅದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕ್ಲಾಸಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಅರವತ್ಮೂರು ಜನ ಸಹಿ ಹಾಕಿಯಾಗಿದೆ. ನನ್ನ ರೂಮಿನ ನಾಜ್ನೀನ್ ಎಲ್ಲರಿಗಿಂತ ಮೊದಲು ಹಾಕಿದಳು. ಈಗ ನನ್ನ ಯಂತ್ರ ಕಂಡರೆ ಸಾಕು, "ನಿನ್ ಮುದುಕಿಗಿ ಕೌದಿ ಹೊಚ್ಚವಾ, ಥಂಡಿ ಆಗ್ಯಾದ" ಎನ್ನುತ್ತಾಳೆ. ನಾನೂ ನಗುತ್ತೇನೆ, ಆಮೇಲೆ ಸಹಿಯ ಹಾಳೆ ತೆಗೆದು ಮತ್ತೆ ಓದುತ್ತೇನೆ.

ಆಗಲೇ ನಿಮ್ಮ ನೆನಪಾದದ್ದು. ನೀವು ನಿಮ್ಮ ಅಣ್ಣ ರೇವಣಸಿದ್ಧನಿಗೆ ಕಳಿಸಿದ ಸಂದೇಶ ನಮ್ಮ ಮನೆಯಲ್ಲಿ ಉಳಿದಿದೆ. "ಅಣ್ಣಾ, ಹೊಸಾ ಪ್ರೊಸೆಸರ್ ತಗೋಳ್ಲೇನು ಬಿಡ್ಲೇನು? ಅದಕ್ಕ ಬೋರ್ಡೂ ಹೊಸಾದೇ ಬೇಕಂತ." ಅವನ ಉತ್ತರ: "ಅಂಗಡ್ಯಾವ್ನ ಗಡಿಯಾರಾ ನೋಡ್ಬ್ಯಾಡ. ನಿನ್ ಕೆಲಸಾ ನಿನ್ ಗಡಿಯಾರದಾಗ ನೋಡು." ಅವ್ವ ಹೊಸ ಕುಕ್ಕರು ತರುವಾಗಲೂ ಇದನ್ನೇ ಹೇಳುತ್ತಾಳೆ.

ನೋಡಿದೆ. ನನ್ನದೇ ಒಂದು ಲೆಕ್ಕವನ್ನು ಎರಡೂ ಯಂತ್ರಗಳಿಗೆ ಕೊಟ್ಟೆ. ನನ್ನ ಮುದುಕಿಗೆ ನಲವತ್ತು ನಿಮಿಷ ಹಿಡಿಯಿತು, ನಾಜ್ನೀನಳ ಹೊಸದಕ್ಕೆ ನಾಲ್ಕೇ ನಿಮಿಷ. ಜಾಹೀರಾತು ಸುಳ್ಳಲ್ಲ, ಆಯಿ. ಆದರೆ ಮಳೆಗಿವಿಯ ಮುಂದಿನ ಸುದ್ದಿ ಬರುವುದು ಗಂಟೆಯಾದ ಮೇಲೆಯೇ. ಹೊಸದು ನಾಲ್ಕು ನಿಮಿಷ ದುಡಿದು ಐವತ್ತಾರು ನಿಮಿಷ ಸುಮ್ಮನೆ ಕೂತಿತು, ನನ್ನದು ಇಪ್ಪತ್ತು ನಿಮಿಷ ಕೂತಿತು. ಹೆಚ್ಚಿಗೆ ಕೂರುವುದಕ್ಕೆ ನಾನು ನಲವತ್ತು ದಿನ ಕೊಡಬೇಕೆ? ಎರಡನೇ ವರ್ಷದ ಬಿರುಗಾಳಿ ಲೆಕ್ಕಕ್ಕೆ ಹೊಸದು ನಿಜಕ್ಕೂ ಬೇಕಾದೀತು. ಆಗ ನೋಡೋಣ.

ಇನ್ನೊಂದಿದೆ. ನನ್ನವ್ವ ಹನ್ನೆರಡು ಊರುಗಳ ಮಳೆಗಿವಿ ತೊಳೆಯುವವಳು. ಮುಂಗಾರಿಗೆ ಮೊದಲು, ಅದೇ ರಜೆಯಲ್ಲಿ, ನಾನೇ ಕಂಬ ಹತ್ತುತ್ತೇನೆ. ಅವ್ವನಿಗೆ ಈಗ ಮೊಣಕಾಲು ಬಗ್ಗುವುದಿಲ್ಲ. ಗುಬ್ಬಿ ಗೂಡು ಕಟ್ಟಿದ ಕಿವಿ ಸುಳ್ಳು ಸುದ್ದಿ ಕಳಿಸುತ್ತದೆ. ಆ ಸುಳ್ಳನ್ನು ಒಂಬತ್ತನೇ ಬಿಲ್ಲೆ ನಾಲ್ಕೇ ನಿಮಿಷದಲ್ಲಿ ಊರಿಗೆಲ್ಲ ಹಂಚುತ್ತದೆ, ಅಷ್ಟೇ.

ಇದನ್ನೆಲ್ಲ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಪಾಠ ಮಾಡುವ ದಿಗಂಬರ ಸರ್ ಕನ್ನಡಕ ತೆಗೆದರು. "ಏ ಹಲಬರ್ಗೆ, ಅರವತ್ಮೂರು ಮಂದಿ ಹುಚ್ಚರು, ನೀ ಒಬ್ಬಾಕಿನೇ ಶ್ಯಾಣ್ಯಾಕೇನು?" ಬೆಂಚಿನ ಅಂಚು ಹಿಡಿದುಕೊಂಡೆ. "ಹುಚ್ಚರಲ್ರೀ ಸರ್, ಗಡಿಯಾರ ನೋಡಿಲ್ರೀ" ಎಂದೆ. ಕ್ಲಾಸು ಗೊಳ್ಳೆಂದಿತು. ಅವರು ನಗಲಿಲ್ಲ. "ಒಂದಿನದ ಅಳತಿ ಪುರಾವೆ ಅಲ್ಲವಾ. ಹಳೀದೇ ಇಟ್ಕೊಂಡು ಕೆಲಸಾ ನಿಲ್ಲದಂಗ ನಡಸ್ದೋರು ಒಬ್ಬರ್ನ ತೋರ್ಸು. ಹಿಂದಿನ ಬೆಂಚಿಂದು ಆಮ್ಯಾಲ ಮಾತಾಡಣ" ಎಂದರು.

ಇಡೀ ಕಾಲೇಜಿನಲ್ಲಿ ಅಂಥವರು ಒಬ್ಬರೂ ಇಲ್ಲ. ನೀವಿರಬಹುದು. ಅಣ್ಣನಿಗೆ ನೀವು ಕೊನೆಗೆ ಬರೆದದ್ದು ಇಷ್ಟೇ: "ನೋಡ್ದೆ. ಈಗ ತಿಳೀತು." ಏನು ತಿಳಿಯಿತು ಎಂದು ಬರೆಯಬಾರದಿತ್ತೇ ಆಯಿ?

ನೀವು ಹೊಸದು ಕೊಂಡಿದ್ದರೂ ನಾನು ಸಹಿ ಹಾಕುವುದಿಲ್ಲ. ಹಿಂದಿನ ಬೆಂಚಿನಿಂದಲೇ ಲೆಕ್ಕ ಹಾಕುತ್ತೇನೆ. ಊರಿಗೆ ಕಳಿಸದಿದ್ದರೆ ಅವ್ವನ ಹನ್ನೆರಡು ಊರಿಗೆ ನಾನೇ ಹೋಗಿ ಹೇಳುತ್ತೇನೆ. ಆದರೆ ಒಬ್ಬಳೇ ಅಲ್ಲ ಎಂದು ಗೊತ್ತಾದರೆ ಬೆಂಚು ಹಿಡಿಯದೆ ನಿಲ್ಲಬಲ್ಲೆ.

ಕೊಂಡಿರೋ ಇಲ್ಲವೋ, ಕೊಳ್ಳದಿದ್ದರೆ ಹಳೆಯದು ಮತ್ತೆ ಎಷ್ಟು ವರ್ಷ ನಡೆಯಿತು, ಎರಡು ಸಾಲು ಬರೆದು ನಿಮ್ಮ ಹಸಿರು ಟ್ರಂಕಿನ ತಳದಲ್ಲಿಡಿ. ಆ ಟ್ರಂಕು ಇನ್ನೂ ನಮ್ಮ ಮನೆಯಲ್ಲಿದೆ, ನಿಮ್ಮ ಉತ್ತರ ತೆಗೆದು ನನಗೆ ತಿಳಿಸಲು ಅವ್ವ ಅದರ ಪಕ್ಕದಲ್ಲೇ ಕೂತಿದ್ದಾಳೆ. ನಿಮಗೆ ನೂರಕ್ಕೂ ಹೆಚ್ಚು ವರ್ಷ ಸಮಯವಿದೆ, ನನಗೆ ಶನಿವಾರದ ತನಕ. ದಯವಿಟ್ಟು ಬೇಗ ಉತ್ತರಿಸಿ.

ಚಂದ್ರಕಲಾ ಹಲಬರ್ಗೆ
ಮೊದಲ ವರ್ಷ, ಬಾನುಲೆಕ್ಕ