ಸೇತುವೆಯಾಚೆಯ ಮೂವರು

ಕೂಡ್ಲಿಗಿ
ಭಾನುವಾರ, ೧೨-೮-೧೯೮೪

ಮಗಳು ಭರಮಮ್ಮನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅವ್ವನೂ ಆರಾಮವಾಗಿದ್ದೇವೆ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕೆಲಸದಲ್ಲಿ ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂಡುವವನಿಗೆ ಪುರುಸೊತ್ತಿಗೇನು ಬರ? ಏನು ಬರೆಯಬೇಕೆಂದು ತಿಳಿಯಲಿಲ್ಲ, ಅಷ್ಟೇ.

ಸುಟ್ಟ ಗಾಯದ ಹೆಂಗಸಿನ ಪಟ್ಟಿ ಬಿಚ್ಚುವಾಗ ನಿನಗೆ ಕಣ್ಣು ಕತ್ತಲೆ ಬಂದು ಟ್ರೇ ಬೀಳಿಸಿದ್ದು, ದೊಡ್ಡ ಸಿಸ್ಟರ್ ಎಲ್ಲರ ಎದುರಿಗೆ ಗದರಿದ್ದು, ನರ್ಸ್ ಟ್ರೈನಿಂಗ್ ಬಿಡುತ್ತೇನೆ, ಬಂದು ಕರೆದುಕೊಂಡು ಹೋಗು ಎಂದದ್ದು, ಎಲ್ಲವನ್ನೂ ನಿನ್ನ ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹೋಗಿ ಕರ್ಕೊಂಡು ಬರ್ರಿ. ಅಂಜಿದ ಹುಡುಗೀನ ಅಲ್ಲಿ ಯಾಕ ಇಡ್ತೀರಿ?" ಎಂದಳು. ಮರುದಿನ ಬಳ್ಳಾರಿ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ನನ್ನ ಹತ್ತಿರ ಬರುವಷ್ಟರಲ್ಲಿ ಇಳಿದುಬಿಟ್ಟೆ. ಮನೆಗೆ ಬಂದಾಗ ಅವಳು, "ಯಾಕ, ಬಸ್ ತಪ್ಪಿತೇನು?" ಎಂದಳು. "ಇಲ್ಲ, ಮೊದಲು ಆಕಿಗೆ ಒಂದು ಮಾತು ಹೇಳೋದೈತಿ" ಎಂದೆ.

ನಮ್ಮ ಪಡಸಾಲೆಯಲ್ಲಿ ಪದಕ ಹಾಕಿಕೊಂಡ ನನ್ನ ಫೋಟೋ ನೋಡಿ ಬೆಳೆದವಳು ನೀನು. "ಗಾದಿಲಿಂಗಪ್ಪ ವಿಮಾನದಿಂದ ಜಿಗಿದಾವ, ಅಂವಗ ಅಂಜಿಕಿ ಗೊತ್ತಿಲ್ಲ" ಎಂದು ಓಣಿಯವರು ಹೇಳುತ್ತಿದ್ದರು. ನಾನೂ ಇಲ್ಲವೆನ್ನದೆ ಕೇಳಿಸಿಕೊಂಡೆ. ಅದು ತಪ್ಪಾಯಿತು.

ಮಿಲಿಟರಿ ಸೇರಿ, ಆಗ್ರಾದಲ್ಲಿ ಪ್ಯಾರಾಚೂಟು ಕಟ್ಟಿಕೊಂಡು ಮೊದಲ ಸಲ ಜಿಗಿಯುವ ದಿನ ಸಾಲಿನಲ್ಲಿ ನಾನೇ ಕೊನೆಯವನು. ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ನಾನು ಬಾಗಿಲ ಕಂಬಿ ಹಿಡಿದು ಅಲ್ಲೇ ಕುಸಿದು ಕೂತೆ. ಕೆಳಗೆ ಹೊಲಗಳು ಕೌದಿಯ ತುಂಡುಗಳಂತೆ ಸರಿಯುತ್ತಿದ್ದವು. ನಮ್ಮ ಉಸ್ತಾದ್, ಅಂದರೆ ಜಿಗಿಯಲು ಕಲಿಸುವವನು, ಬೈಯಲಿಲ್ಲ. ಕೈಗವಸು ತೆಗೆದು ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿದ. ನೂರಾರು ಸಲ ಜಿಗಿದವನ ಕೈ ಅದು, ತಣ್ಣಗೆ ಬೆವೆತಿತ್ತು. "ನನಗೂ ಹೀಗೇ, ಪ್ರತಿ ಸಲ" ಎಂದು ಹಿಂದಿಯಲ್ಲಿ ಹೇಳಿದ. ವಿಮಾನ ಇನ್ನೊಂದು ಸುತ್ತು ಬಂತು. ಕಣ್ಣು ಮುಚ್ಚಿಕೊಂಡು ಜಿಗಿದೆ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಮ್ಮನ್ನು ಪೂರ್ವ ಬಂಗಾಳದಲ್ಲಿ ಇಳಿಸಿದಾಗಲೂ ಅಂಜಿಕೆ ಹೋಗಿರಲಿಲ್ಲ. ಶತ್ರುಗಳು ಹಿಂದಕ್ಕೆ ಸರಿಯದ ಹಾಗೆ ಒಂದು ಸೇತುವೆಯನ್ನು ಹಿಡಿದಿಡುವುದು ನಮ್ಮ ಕೆಲಸ. ಬೆಳಿಗ್ಗೆ ಗುಂಡಿನ ಸುರಿಮಳೆಯಲ್ಲಿ ನಮ್ಮವರು ಮೂವರು ಸೇತುವೆಯ ಆಚೆ ತುದಿಯಲ್ಲಿ ಬಿದ್ದರು. ನಾನು ತೆವಳಿಕೊಂಡು ಹೋಗಿ ಒಬ್ಬೊಬ್ಬರನ್ನೇ ಎಳೆದು ತಂದೆ. ಪದಕ ಕೊಟ್ಟದ್ದು ಅದಕ್ಕೇ. ಮೂರು ಸಲವೂ ಅಂಜಿಕೊಂಡೇ ಹೋದೆ, ಮೂರನೆಯ ಸಲ ಹೊರಡುವ ಮುಂಚೆ ವಾಂತಿ ಮಾಡಿಕೊಂಡೆ. ಪದಕದ ಜೊತೆ ಕೊಟ್ಟ ಕಾಗದದಲ್ಲಿ ಅದನ್ನು ಬರೆದಿಲ್ಲ. ಆ ಮೂವರಲ್ಲಿ ಒಬ್ಬ ಈಗ ಸಾತಾರದ ಕಡೆ ಕಬ್ಬು ಬೆಳೆಯುತ್ತಾನೆ, ಇನ್ನೊಬ್ಬ ಮೇಷ್ಟ್ರಾಗಿದ್ದಾನೆ.

ಆ ಸುಟ್ಟ ಹೆಂಗಸು ನಿನ್ನ ಹೆಸರು ಕೇಳಿದಳು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಹೆಸರು ಹೇಳಿ ಬಂದವಳು ಮತ್ತೆ ಹೋಗದಿದ್ದರೆ ಅವಳು ಬಾಗಿಲ ಕಡೆ ನೋಡುತ್ತಿರುತ್ತಾಳೆ. ಇನ್ನೊಂದು ಸಲ ಅವಳ ಹತ್ತಿರ ಹೋಗು. ಕೈ ನಡುಗಿದರೆ ನಡುಗಲಿ. ಬರುವ ಭಾನುವಾರ ನಾನು ಬರುತ್ತೇನೆ. ಆಗಲೂ ಬೇಡ ಎಂದರೆ ನಿನ್ನ ಟ್ರಂಕು ನಾನೇ ಹೊತ್ತು ತರುತ್ತೇನೆ, ಒಂದು ಮಾತೂ ಆಡುವುದಿಲ್ಲ.

ನಿನ್ನ ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಾಳೆ. ನಿನ್ನ ವಾರ್ಡಿನವರಿಗೂ ಸಾಕಾಗುವಷ್ಟು ತರುತ್ತೇನೆ. ಹೊಟ್ಟೆ ತುಂಬ ಉಣ್ಣು. ನಿನ್ನ ಕೈ ಮುಟ್ಟಿದವರ ನೋವು ಕಡಿಮೆಯಾಗಲಿ, ತಾಯಿ.

ನಿನ್ನ ಅಪ್ಪ,
ಗಾದಿಲಿಂಗಪ್ಪ

ತಾ.ಕ.: ಮೂರನೆಯವನ ಬಗ್ಗೆ ಬರೆಯದೆ ಸಹಿ ಹಾಕಿದೆ. ಅವನು ಹಿರೇಹಡಗಲಿಯ ಓಬಣ್ಣ, ನಾವು ವರ್ಷಕ್ಕೊಮ್ಮೆ ನೋಡಿಬರುವ ಜೋಗಮ್ಮಜ್ಜಿಯ ಮಗ. ಹೊಟ್ಟೆಗೆ ಗುಂಡು ಬಿದ್ದಿತ್ತು. ಡಾಕ್ಟರು ಇನ್ನೂ ನಾವಿದ್ದಲ್ಲಿಗೆ ಬಂದು ಮುಟ್ಟಿರಲಿಲ್ಲ. ಮಧ್ಯಾಹ್ನದ ತನಕ ನನ್ನ ತೊಡೆಯ ಮೇಲೆ ಮಲಗಿ, "ಗಾದೀ, ಒಂದು ಗುಟುಕು ನೀರು ಕೊಡೋ" ಎಂದು ಕೇಳುತ್ತಲೇ ಇದ್ದ. ಹೊಟ್ಟೆಗೆ ಗಾಯವಾದವನಿಗೆ ನೀರು ಕೊಡಬಾರದು ಎಂದು ನಮಗೆ ಕಲಿಸಿದ್ದರು. ಸೊಂಟದಲ್ಲಿ ಬಾಟಲಿ ತುಂಬ ನೀರಿತ್ತು. ಕೊಡಲಿಲ್ಲ. ಹಾಗೆಯೇ ಹೋದ. "ಕಡೀಗೆ ಏನು ಕೇಳಿದ್ನಪ್ಪ?" ಎಂದು ಜೋಗಮ್ಮ ಕೇಳಿದಾಗಲೆಲ್ಲ, "ನಿನ್ನ ಹೆಸರು ಹಿಡಿದು ಕರೆದ" ಎನ್ನುತ್ತೇನೆ. ನಾನು ಮಾಡಿದ್ದು ಸರಿಯೋ ಎಂದು ಹದಿಮೂರು ವರ್ಷದಿಂದ ಯಾರನ್ನೂ ಕೇಳಿಲ್ಲ. ನಿಮ್ಮ ಪುಸ್ತಕದಲ್ಲಿ ನೋಡು, ಇಲ್ಲವೇ ಆ ದೊಡ್ಡ ಸಿಸ್ಟರನ್ನೇ ಕೇಳು. ತುಟಿಯನ್ನಾದರೂ ಒದ್ದೆ ಮಾಡಬಹುದಿತ್ತೆಂದು ಅವರು ಹೇಳಿದರೆ, ನನ್ನಿಂದ ಮುಚ್ಚಿಡಬೇಡ.