ಇದೇ ಗಂಟಲಿನ ಕ್ಯಾಪ್ಟನ್

ಜೂನ್ 4, ಬೆಳಗ್ಗೆ

ದನಿಯ ವ್ಯಾಯಾಮ. ಸ್ಟ್ರಾ ಹಾಕಿ ಲೋಟದ ನೀರಿನಲ್ಲಿ ಗುಳುಗುಳು ಮಾಡಿದ್ದಾಯಿತು. ಆಮೇಲೆ ‘ಊ’ ಎಂದು ಎಳೆಯುವುದು. ಅರ್ಧ ದಾರಿಯಲ್ಲೇ ದನಿ ಬಿರುಕು ಬಿಟ್ಟಿತು. ಆಫೀಸಿಗೆ ಹೊರಟಿದ್ದ ಮಗಳು, “ಕುಕ್ಕರ್ ಕೂಗ್ತಿದೆ ಅಂದ್ಕೊಂಡೆ ಅಮ್ಮ” ಎಂದಳು. ನಕ್ಕೆ. ನಗುವೂ ಈಗ ಗರಗಸ ಎಳೆದಂತೆ.

ಥೈರಾಯ್ಡ್ ಆಪರೇಷನ್ ಆದಮೇಲೆ ಒಂದು ಕಡೆಯ ಧ್ವನಿತಂತು ಅಲ್ಲಾಡುವುದಿಲ್ಲ. ಇನ್ನು ಇಷ್ಟೇ ಎಂದು ಡಾಕ್ಟರ್ ಕೈ ತೊಳೆದುಕೊಂಡರು. ಕೆಲಸ ಮಾಡುವ ಕಣ್ಣಾಸ್ಪತ್ರೆಯಲ್ಲಿ ನನ್ನನ್ನು ಫೋನ್ ಕೌಂಟರಿನಿಂದ ಎತ್ತಿ ರೆಕಾರ್ಡ್ ರೂಮಿಗೆ ಹಾಕಿದರು. ಫೋನ್ ಮಾಡಿದವರೆಲ್ಲ ನನ್ನನ್ನು “ಸರ್” ಎನ್ನುತ್ತಿದ್ದರಂತೆ. ಅನ್ನಲಿ. ಇವರ ಗಂಟೇನು ಹೋಗುತ್ತಿತ್ತು?

ಮಧ್ಯಾಹ್ನ

ಗೊತ್ತಿಲ್ಲದ ನಂಬರಿನಿಂದ ಕರೆ. ಯಾವನೋ ಹುಡುಗ. ‘ಗ್ರಹದಾಚೆಯವರು’ ಧಾರಾವಾಹಿಯನ್ನು ಆಡಿಯೋ ನಾಟಕವಾಗಿ ಮುಂದುವರಿಸುತ್ತಾರಂತೆ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಟೀವಿಯವರು ಅದನ್ನು ನಿಲ್ಲಿಸಿದಾಗ ಮಗಳು ಇನ್ನೂ ಒಂದನೇ ಕ್ಲಾಸು. ಕೊನೆಯ ಕಂತಿನಲ್ಲಿ ನಾನು — ಕ್ಯಾಪ್ಟನ್ ಪಾತ್ರದವಳು — ಆಕಾಶದ ಹಡಗು ಉಳಿಸಲು ಒಬ್ಬಳೇ ಬಾಹ್ಯಾಕಾಶಕ್ಕೆ ಇಳಿದೆ. ಬಾಗಿಲು ಮುಚ್ಚಿತು. ಕಥೆಯೂ ಮುಚ್ಚಿತು. ಇವತ್ತಿಗೂ ಯಾರಾದರೂ ನಿಲ್ಲಿಸಿ ಕೇಳುತ್ತಾರೆ: ನೀವು ಬದುಕಿದ್ರಾ, ಸತ್ರಾ?

ನನಗೆ ಹೇಗೆ ಗೊತ್ತಿರಬೇಕು?

ಜೂನ್ 9

ಅವರ ಆಫೀಸಿಗೆ ಹೋದೆ. ಹುಡುಗನ ಕತ್ತಿನಲ್ಲಿ ಸದಾ ಹೆಡ್‌ಫೋನ್. ಅದನ್ನೇ ಹೆಸರು ಮಾಡಿಟ್ಟಿದ್ದೇನೆ. ನಾನು “ನಮಸ್ಕಾರ” ಎಂದಾಗ ಅವನ ಮುಖ ನೋಡಬೇಕಿತ್ತು.

“ಶೀತವಾ ಮೇಡಂ?”

“ಇಲ್ಲಪ್ಪ. ಇದೇ ನನ್ನ ದನಿ.”

ನೀರು ತರಿಸಿದ. ತಾನೇ ಕುಡಿದ. ಆಮೇಲೆ ಒಂದು ದಾರಿ ಹೇಳಿದ. ಹಳೆಯ ಕಂತುಗಳಿಂದ ನನ್ನ ದನಿ ತೆಗೆದು, ಕಂಪ್ಯೂಟರಿನಲ್ಲಿ ಹೊಸ ಮಾತು ಆಡಿಸಬಹುದಂತೆ. ನಾನು ಬರುವುದೇ ಬೇಡ. ಒಂದು ಸಹಿ ಸಾಕು.

“ನೀವು ಮನೇಲಿ ಆರಾಮಾಗಿರಿ ಮೇಡಂ. ಜನರ ನೆನಪಲ್ಲಿ ಹೇಗಿದಾರೋ, ಕ್ಯಾಪ್ಟನ್ ಹಾಗೇ ಇರ್ತಾರೆ.”

ಆರಾಮ. ಹೆಣಕ್ಕೆ ಹೇಳುವ ಮಾತು. ಯೋಚಿಸುತ್ತೇನೆ ಎಂದು ಎದ್ದು ಬಂದೆ.

ಜೂನ್ 11, ಸಂಜೆ

ಚುಕ್ಕಾಣಿ ಬಂದಿದ್ದ. ಧಾರಾವಾಹಿಯಲ್ಲಿ ಹಡಗು ನಡೆಸುತ್ತಿದ್ದವನು. ಆ ಅಡ್ಡಹೆಸರು ಅಂದಿನಿಂದ ಅಂಟಿಕೊಂಡಿದೆ. ಈಗ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದಾನೆ. ಮಂಡಿ ಹೋಗಿದೆ, ಹೊಟ್ಟೆ ಬಂದಿದೆ. ಆಡಿಯೋ ನಾಟಕಕ್ಕೆ ಅವನು ಆಗಲೇ ಒಪ್ಪಿಯಾಗಿದೆ.

“ಅಕ್ಕ, ಆಡಿಯೋದಲ್ಲಿ ನಾನು ಓಡಬಹುದು. ಕೂತ್ಕೊಂಡು ಏದುಸಿರು ಬಿಟ್ರೆ ಆಯ್ತು, ಓಡಿದ ಹಾಗೇ.”

ಬೇರೆ ಯಾವುದೋ ದೇಶದ ನಾಟಕವೊಂದನ್ನು ಫೋನಿನಲ್ಲಿ ಹಾಕಿ ಅಡುಗೆಕಟ್ಟೆಯ ಮೇಲಿಟ್ಟ. ಅದೂ ಟೀವಿಯಲ್ಲಿ ನಿಂತುಹೋಗಿ, ಆಮೇಲೆ ಆಡಿಯೋದಲ್ಲಿ ಮುಂದುವರಿದದ್ದು. ಅರ್ಧ ಭಾಷೆ ತಲೆಗೆ ಹತ್ತಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ.

ನಮ್ಮ ಹಡಗಿನ ಬಾಗಿಲು ಪ್ಲೈವುಡ್ಡಿನದು. ಬಣ್ಣ ಒಣಗುವ ಮೊದಲೇ ಶೂಟಿಂಗ್. ಹಡಗಿಗೆ ಏಟು ಬಿದ್ದರೆ ನಾವೇ ಓಲಾಡಬೇಕು. ಚುಕ್ಕಾಣಿ ಎಡಕ್ಕೆ, ನಾನು ಬಲಕ್ಕೆ. ಕ್ಯಾಮೆರಾದವನಿಗೆ ನಗು. ಫೋನಿನ ಈ ನಾಟಕದಲ್ಲಿ ಒಂದು ಬಾಗಿಲು ಮುಚ್ಚಿದ ಸದ್ದಷ್ಟೇ... ನನ್ನ ಬೆನ್ನಿನಲ್ಲಿ ಚಳಿ. ಹಡಗು ಎಷ್ಟು ದೊಡ್ಡದು? ನನಗೆ ಬೇಕಾದಷ್ಟು. ಮನಸ್ಸಿನಲ್ಲಿ ಅದನ್ನು ಕಟ್ಟಿಕೊಂಡವಳು ನಾನೇ ತಾನೇ. ಮತ್ತೆ ಆ ನಾಯಕಿ — ಅವಳಿಗೂ ವಯಸ್ಸಾಗಿದೆ. ಉಸಿರಿನಲ್ಲೇ ತಿಳಿಯುತ್ತದೆ. ಯಾರೂ ಅದಕ್ಕೆ ಪೌಡರ್ ಬಳಿದಿಲ್ಲ.

ಅಡುಗೆ ತಡವಾಯಿತು.

ಜೂನ್ 12

ಮಗಳ ಜೊತೆ ಜಗಳ.

“ಸಹಿ ಹಾಕ್ಬಿಡಮ್ಮ. ಕಳ್ಕೊಳ್ಳೋದೇನಿದೆ ಅದ್ರಲ್ಲಿ?”

“ನಾನು ಆಡದ ಮಾತು ನನ್ನ ಬಾಯಲ್ಲಿ ಆಡಿಸ್ತಾರೆ.”

“ನಾಟಕ ಬರೆಯೋರು ಇನ್ನೇನು ಮಾಡ್ತಾರೆ?”

ಅವಳು ಸಿಂಕಿನ ಕಡೆ ತಿರುಗಿ, ಮೆಲ್ಲಗೆ: “ಆ ದನೀಲಿ ನನ್ನ ಎಬ್ಬಿಸ್ತಿದ್ದೆ. ಬೈತಿದ್ದೆ. ಮತ್ತೆ ಕೇಳ್ಬೇಕು ಅಂತ ನಂಗೆ ಆಸೆ ಇರಲ್ವಾ?”

ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಜೂನ್ 27

ಇಷ್ಟು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ಸಹಿಯೇ ನೆನಪಾಗುತ್ತಿತ್ತು.

ಇವತ್ತು ಹೆಡ್‌ಫೋನ್ ಒಂದು ಸ್ಯಾಂಪಲ್ ಕಳಿಸಿದ. ಕಂಪ್ಯೂಟರ್ ಮಾಡಿದ ನಾನು. ಮಗಳ ಪಕ್ಕ ಕೂತು ಕೇಳಿದೆ. ಅದೇ ದನಿ, ಗಂಟೆ ಬಾರಿಸಿದಂತೆ. ಮಗಳು ಮತ್ತೆ ಹಾಕಿದಳು. ಮತ್ತೆ. ಅವಳ ಕಣ್ಣು ತುಂಬಿತ್ತು.

ನಾನು ಕಾಯುತ್ತಿದ್ದದ್ದು ಉಸಿರಿಗೆ. ಅಷ್ಟುದ್ದದ ಮಾತಿನ ನಡುವೆ ಎಲ್ಲೂ ಉಸಿರೆಳೆಯುವುದಿಲ್ಲ ಆ ಕಂಪ್ಯೂಟರ್ ಹುಡುಗಿ. ಹೆದರಿಕೆಯ ಮಾತನ್ನೂ ಹೆದರದೆ ಹೇಳುತ್ತಾಳೆ.

“ಇಷ್ಟ ಆಯ್ತಾ?” ಎಂದೆ.

“ತುಂಬಾ.”

“ಇಟ್ಕೋ. ಫೋನಲ್ಲಿಟ್ಕೊಂಡು ಬೇಕಾದಾಗ ಕೇಳು. ಕ್ಯಾಪ್ಟನ್ ಮಾತ್ರ ನಾನೇ.”

“ಇದು ಬರೀ ಹಠ ಅಮ್ಮ.”

“ಹೌದು. ಹಠವೇ.”

ಜುಲೈ 1

ಸಹಿ ಹಾಕುವುದಿಲ್ಲ ಎಂದು ಹೆಡ್‌ಫೋನ್ ಎದುರು ಕೂತು ಹೇಳಿದೆ. ಕಥೆ ಬರೆಯುವವಳೂ ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಜನ ಗುರುತೇ ಹಿಡಿಯಲ್ಲ ಮೇಡಂ” ಎಂದ.

“ಹೊಸ ಕಥೇಲಿ ನೀವೇ ಬರೆದಿದೀರಲ್ಲಪ್ಪ, ಕ್ಯಾಪ್ಟನ್ ವರ್ಷಗಟ್ಟಲೆ ಹಾಳು ಬಾಹ್ಯಾಕಾಶ ನಿಲ್ದಾಣದಲ್ಲಿ ಧೂಳು ಕುಡಿದು ಬದುಕಿದಳು ಅಂತ. ಗಂಟಲೊಂದು ಮಾತ್ರ ಜೇನು ಕುಡೀತಿತ್ತಾ?”

ಮೊದಲು ನಕ್ಕವಳು ಬರೆಯುವವಳು. “ಒಂದ್ಸಲ ಕೇಳಿಯಾದ್ರೂ ನೋಡೋಣ” ಎಂದಳು.

ಈ ದನಿಯಲ್ಲಿ ಒಂದೇ ದೃಶ್ಯ. ಕೇಳಲಾಗದಿದ್ದರೆ ನಾನೇ ಪೆನ್ನು ಕೇಳಿ ಸಹಿ ಹಾಕುತ್ತೇನೆ — ಹಾಗೆಂದು ಹೇಳಿ ಬಂದಿದ್ದೇನೆ. ಈ ಬಾಯಿಗೆ ಬುದ್ಧಿಯಿಲ್ಲ.

ಜುಲೈ 8

ಮಗಳೇ ಗಾಡಿಯಲ್ಲಿ ಕರೆದುಕೊಂಡು ಹೋದಳು.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆ. ಸದ್ದುಗಳನ್ನು ಮಾಡುವವಳು ನೆಲದ ಮೇಲೆ ಸಂಸಾರವನ್ನೇ ಹರಡಿಕೊಂಡಿದ್ದಳು — ಬಾಣಲೆ ಮುಚ್ಚಳ, ತಗಡಿನ ಡಬ್ಬಿ, ಹಳೆ ಸೂಟ್‌ಕೇಸ್. ಹಡಗಿನ ಬಾಗಿಲು ಯಾವುದಮ್ಮ ಎಂದೆ. ಸೂಟ್‌ಕೇಸಿನ ಜಿಪ್ ತೋರಿಸಿದಳು.

ದೃಶ್ಯ: ಹಾಳು ನಿಲ್ದಾಣಕ್ಕೆ ನಮ್ಮ ಹಡಗು ಬಂದು ತಾಗಿದೆ. ನಾನು ಹೊರಗಿನಿಂದ ಬಾಗಿಲು ಬಡಿಯುತ್ತೇನೆ.

“ಯಾರು?” ಚುಕ್ಕಾಣಿ ಕೇಳಿದ.

“ನಾನು. ಬಾಗಿಲು ತೆಗಿ.”

‘ತೆಗಿ’ ಎನ್ನುವಾಗ ದನಿ ಸೀಳಿತು. ಅರ್ಧ ಗಾಳಿ, ಅರ್ಧ ಜಲ್ಲಿಕಲ್ಲು. ಹಾಳೆಯ ಪ್ರಕಾರ ಅವನು ತಕ್ಷಣ ಉತ್ತರ ಕೊಡಬೇಕು. ಕೊಡಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಆಮೇಲೆ, ಎಲ್ಲೂ ಬರೆದಿರದ ಮಾತು: “ಎಷ್ಟು ತಡ ಮಾಡಿದ್ರಿ ಕ್ಯಾಪ್ಟನ್.”

ಸದ್ದಿನವಳು ಜಿಪ್ ಎಳೆಯುವುದನ್ನೇ ಮರೆತಳು.

ಗಾಜಿನಾಚೆ ಹೆಡ್‌ಫೋನ್ ಆ ದೃಶ್ಯವನ್ನು ತಲೆ ತಗ್ಗಿಸಿಕೊಂಡು ಮತ್ತೆ ಕೇಳಿದ. ಬರೆಯುವವಳು ಅವನ ಭುಜ ಮುಟ್ಟಿ ಏನೋ ಹೇಳಿದಳು. ಕೊನೆಗೆ ಮೈಕಿನಲ್ಲಿ ಅವನ ದನಿ ಬಂತು. “ನೀವೇ ಮಾಡಿ ಮೇಡಂ. ಜಿಪ್ ಸದ್ದು ಆಮೇಲೆ ಸೇರಿಸ್ಕೋತೀನಿ.”

ಕಾರಿಡಾರಿನಲ್ಲಿ ಮಗಳು ಎದ್ದು ನಿಂತಳು. ಆ ಗೋಡೆಯಾಚೆಗೆ ಏನೂ ಕೇಳಿಸುವುದಿಲ್ಲ.

“ಏನಾಯ್ತು?”

“ಒಳಗೆ ಬಿಟ್ಕೊಂಡ್ರು.”

ಸೆಪ್ಟೆಂಬರ್ 19

ಮೊದಲ ಭಾಗ ಬಿಡುಗಡೆ. ಕ್ಯಾಪ್ಟನ್‌ಗೆ ಕೆಮ್ಮಿನ ಔಷಧಿ ಕೊಡಿಸಿ ಎಂದು ಒಬ್ಬ ಬರೆದಿದ್ದಾನೆ. ಹಳೇ ದನಿ ಎಲ್ಲಿ ಎಂದು ಹಲವರು. ರಾತ್ರಿಪಾಳಿಯ ಲಾರಿ ಡ್ರೈವರ್ ಒಬ್ಬ, ಬಾಗಿಲು ತೆರೆಯುವವರೆಗೆ ಗಾಡಿ ಪಕ್ಕಕ್ಕೆ ನಿಲ್ಲಿಸಿಕೊಂಡೆ ಎಂದಿದ್ದಾನೆ. ಅವನ ಮಾತನ್ನು ಹತ್ತು ಸಲ ಓದಿದೆ. ಉಳಿದವರದ್ದು ಒಂದೇ ಸಲ.

ಮಗಳು ತನ್ನ ಕೋಣೆಯಲ್ಲಿ ಒಬ್ಬಳೇ ಕೇಳಿದಳು. ಹೊರಗೆ ಬಂದು, “ನಂಗೆ ಈಗ್ಲೂ ಹಳೇದೇ ಇಷ್ಟ” ಎಂದಳು. ಫ್ರಿಜ್ ತೆರೆದಳು, ಏನೂ ತೆಗೆಯದೆ ಮುಚ್ಚಿದಳು. “ಆದ್ರೆ ಅವ್ರು ಬಾಗಿಲು ತೆಗೀದೇ ಹೋದ್ರೆ ಅಂತ... ಭಯ ಆಯ್ತು ಕಣಮ್ಮ.”

ಅಷ್ಟು ಸಾಕು.

ನವೆಂಬರ್ 3, ಸ್ಟುಡಿಯೋ ಕಾರಿಡಾರ್

ಕೊನೆಯ ಭಾಗದ ಸ್ಕ್ರಿಪ್ಟ್ ಈಗಷ್ಟೇ ಕೈಗೆ ಬಂತು. ಕೊನೆಯ ಪುಟದಲ್ಲಿ ಕ್ಯಾಪ್ಟನ್ ಸಾಯುತ್ತಾಳೆ. ತುಂಬಾ ಗೌರವದಿಂದ, ಹಿನ್ನೆಲೆ ಸಂಗೀತದ ಜೊತೆ. ಕೊಡುವಾಗ ಹೆಡ್‌ಫೋನ್ ಕಣ್ಣಲ್ಲಿ ನೀರು ಬೇರೆ. ವಯಸ್ಸಾದವಳಿಗೆ ಬೇರೆ ಕೆಲಸ ತೋಚಲಿಲ್ಲವೇನೋ ಇವರಿಗೆ.

ಆ ಪುಟಕ್ಕೆ ಅಡ್ಡಗೆರೆ ಎಳೆದೆ. ಚುಕ್ಕಾಣಿ ಇಣುಕಿ ನೋಡಿ, “ಅಕ್ಕ, ಬೈತಾರೆ” ಎಂದ. ಬೈಯಲಿ. ಬೈಸಿಕೊಳ್ಳುವುದಕ್ಕಾದರೂ ಬದುಕಿರಬೇಕಲ್ಲ.

ಕೆಳಗೆ ನಾನೇ ನಾಲ್ಕು ಸಾಲು ಬರೆದಿದ್ದೇನೆ. ಒಳಗೆ ಹೋಗಿ ಅದನ್ನೇ ಓದುವುದು. ಕೇಳಿದ ಮೇಲೆ ಬೇಡವೆನ್ನಲಿ ನೋಡೋಣ. ಕರೆಯುತ್ತಿದ್ದಾರೆ. ಮೊದಲ ಸಾಲು ಇಷ್ಟು: ಎಂಜಿನ್ ಶುರು ಮಾಡು, ಇನ್ನೂ ನಾವು —