ಒಣ ಕಾಲುವೆಯಲ್ಲಿ ಗೇಟು ಪರೀಕ್ಷಿಸಿದ ಅಧ್ಯಕ್ಷರಿಗೆ

ಕಾಲುವೆ ಕಾಲೊನಿ ಕ್ರೀಡಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊದಲು ವಿಷಯ, ಆಮೇಲೆ ವಿನಯ. ರಂಗಂಪೇಟೆಯ ಮೋನಮ್ಮನನ್ನು ಕಾಲೊನಿಯ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ತಾವು ತೀರ್ಪು ಕೊಟ್ಟಿದ್ದು ತಪ್ಪು. ವಿಭಾಗ ಮಟ್ಟದ ಪಂದ್ಯಾವಳಿಗೆ ಆಟಗಾರ್ತಿಯರ ಹೆಸರು ಕಳಿಸಲು ಬರುವ ಶನಿವಾರ ಕೊನೆಯ ದಿನ. ಅಷ್ಟರೊಳಗೆ ತಪ್ಪು ತಿದ್ದಿಕೊಳ್ಳಬಹುದು. ಇದನ್ನು ತಮ್ಮ ಎದುರು ನಿಂತು ಮೆಲುದನಿಯಲ್ಲಿ ಹೇಳಬೇಕೆಂದೇ ಎರಡು ಸಲ ಕಚೇರಿಗೆ ಬಂದಿದ್ದೆ. ‘ಸಾಹೇಬ್ರು ಸೈಟಿಗಿ ಹೋಗ್ಯಾರ್ರಿ’ ಎಂದು ಜವಾನ ಅಮರಪ್ಪ ಹೇಳುತ್ತಿದ್ದಾಗಲೇ ಒಳಗಿನಿಂದ ಸೈಟು ಕೆಮ್ಮಿತು. ಹೀಗಾಗಿ ಈ ವಾರಪತ್ರಿಕೆಯ ಮೂಲಕ, ಊರೆಲ್ಲ ಕೇಳುವಂತೆ, ಗಟ್ಟಿ ದನಿಯಲ್ಲಿ ಬರೆಯುತ್ತಿದ್ದೇನೆ.

ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಮೋನಮ್ಮನಿಗೆ ಮೂವತ್ತು ದಾಟಿದೆ. ರಂಗಂಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಯಾದಗಿರಿಯ ಒಂದು ಮಹಿಳಾ ಸಂಘದ ತಂಡದಲ್ಲಿ ವರ್ಷಗಟ್ಟಲೆ ಆಡಿದವಳು. ಈ ಯುಗಾದಿಗೆ ಆ ತಂಡ ಒಡೆಯಿತು: ಅರ್ಧ ಜನಕ್ಕೆ ಮದುವೆಯಾಯಿತು, ಉಳಿದರ್ಧ ಜನ ‘ಇನ್ನು ಕ್ಯಾಪ್ಟನ್ ಯಾರು’ ಎಂದು ಜಗಳವಾಡಿ ಮಾತು ಬಿಟ್ಟರು. ಆದ್ದರಿಂದ ಮೋನಮ್ಮ ಈಗ ಯಾರ ತಂಡದವಳೂ ಅಲ್ಲ. ಯಾರ ಬಿಡುಗಡೆ ಪತ್ರವೂ ಬೇಡ, ಯಾರ ಅಪ್ಪಣೆಯೂ ಬೇಡ. ಸಂಜೆ ಗಿರಣಿಯ ಬೆಲ್ಟು ಕಳಚಿಟ್ಟು, ಹುಬ್ಬಿನ ಮೇಲಿನ ಜೋಳದ ಹಿಟ್ಟನ್ನೂ ಒರೆಸಿಕೊಳ್ಳದೆ, ಶಹಾಪುರದ ಬಸ್ಸು ಹತ್ತಿ ಕಾಲೊನಿಯ ಗೇಟಿನ ಬಳಿ ಇಳಿಯುತ್ತಾಳೆ. ಒಂದೂವರೆ ತಿಂಗಳಿಂದ ನಮ್ಮ ಹುಡುಗಿಯರ ಜೊತೆ ಅಭ್ಯಾಸ ಮಾಡುತ್ತಿದ್ದಾಳೆ. ತಂಡದಲ್ಲಿ ಒಂದು ಜಾಗ ಖಾಲಿ ಇದೆ. ಆ ಜಾಗವನ್ನು ಅವಳಿಗೆ ಕೊಡಬೇಕೋ ಬೇಡವೋ, ಇಷ್ಟೇ ಪ್ರಶ್ನೆ.

ಇದರಲ್ಲಿ ನನ್ನದೇನು ಅಧಿಕಾರ ಎಂದು ತಾವು ಕೇಳಬಹುದು. ನಾನು ನಿವೃತ್ತ ಕಂಪೌಂಡರ್. ನಮ್ಮ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಕಾಂಕ್ರೀಟು ಹಾಕಿದವರು ಕಾಲುವೆಗೆ ಲೈನಿಂಗ್ ಮಾಡಿದ ಗ್ಯಾಂಗಿನವರು. ಅವರ ಕೈಗೆ ಸಪಾಟ ನೆಲ ಎಂದರೆ ಗೊತ್ತೇ ಇಲ್ಲ. ರೂಢಿಯಂತೆ ಇದಕ್ಕೂ ಇಳಿಜಾರು ಕೊಟ್ಟುಬಿಟ್ಟರು. ನಡು ಅಂಕಣದಲ್ಲಿ ಚೆಂಡು ಇಟ್ಟರೆ ಅದು ತಾನಾಗಿ ಉಪಕಾಲುವೆಯ ದಾರಿ ಹಿಡಿಯುತ್ತದೆ. ನಾನು ತಗ್ಗಿನ ತುದಿಯ ಕಲ್ಲಿನ ಮೇಲೆ ಕುಳಿತು ಆ ಚೆಂಡನ್ನು ಹಿಡಿದು ಹಿಂದಕ್ಕೆ ಕೊಡುತ್ತೇನೆ. ಬಿಡುವಿದ್ದಾಗ ಮೊಣಕೈ, ಮೊಣಕಾಲುಗಳಿಗೆ ಅಯೋಡಿನ್ ಕೊಡುತ್ತೇನೆ. ಆ ಕಲ್ಲಿನ ಮೇಲೆ ಆರು ವರ್ಷ ಕುಳಿತವನಿಗೆ ಆಟದ ಬಗ್ಗೆ ಒಂದೆರಡು ಮಾತಾಡುವ ಹಕ್ಕು ಬರುವುದಿಲ್ಲವೇ? ತಾವು ಕುರ್ಚಿಯ ಮೇಲೆ ಆರು ತಿಂಗಳು ಕುಳಿತದ್ದಕ್ಕೇ ಬಂದಿದೆಯಲ್ಲ!

ಮೋನಮ್ಮ ಬುಟ್ಟಿಗೆ ಚೆಂಡು ಹಾಕುವವಳಲ್ಲ. ಇದನ್ನು ನಾನೂ ಒಪ್ಪುತ್ತೇನೆ, ಅವಳೂ ಒಪ್ಪುತ್ತಾಳೆ, ಬುಟ್ಟಿಯಂತೂ ಎಂದೋ ಒಪ್ಪಿಕೊಂಡಿದೆ. ಅವಳ ಕೆಲಸ ನಿಲ್ಲುವುದು. ನಮ್ಮ ಕ್ಯಾಪ್ಟನ್ ನಜೀಮಾ ಚೆಂಡು ಹಿಡಿದು ಓಡುವಾಗ ಅವಳನ್ನು ಬೆನ್ನಟ್ಟುವವಳ ದಾರಿಯಲ್ಲಿ ಮೋನಮ್ಮ ಮೊದಲೇ ಹೋಗಿ ಕಂಬದಂತೆ ನಿಂತಿರುತ್ತಾಳೆ. ಬೆನ್ನಟ್ಟುವವಳು ಅವಳಿಗೆ ಹಾಯುತ್ತಾಳೆ, ಡಿಕ್ಕಿ ಹೊಡೆದು ನಿಲ್ಲುತ್ತಾಳೆ. ಅಷ್ಟರಲ್ಲಿ ನಜೀಮಾಳಿಗೆ ಎರಡು ಹೆಜ್ಜೆ ಜಾಗ ಸಿಗುತ್ತದೆ. ಆ ಎರಡು ಹೆಜ್ಜೆಯಲ್ಲಿ ನಜೀಮಾ ಏನು ಮಾಡಬಲ್ಲಳೆಂದು ವಿಭಾಗಕ್ಕೆಲ್ಲ ಗೊತ್ತು. ಮೋನಮ್ಮ ಬರುವ ಮುಂಚೆ ನಜೀಮಾಳನ್ನು ಪ್ರತಿ ಪಂದ್ಯದಲ್ಲೂ ಮೂರು ಜನ ಮುತ್ತಿಕೊಳ್ಳುತ್ತಿದ್ದರು. ಆಗ ನನ್ನ ಅಯೋಡಿನ್ ಬಾಟಲಿ ತಿಂಗಳಿಗೊಂದು ಖಾಲಿಯಾಗುತ್ತಿತ್ತು. ಈಗ ಅದರ ಮುಚ್ಚಳ ತುಕ್ಕು ಹಿಡಿದಿದೆ.

ಇನ್ನು ತಾವು ನಡೆಸಿದ ಪರೀಕ್ಷೆಯ ವಿಚಾರ. ಕಳೆದ ಭಾನುವಾರ ಬೇವಿನ ಮರದ ಕೆಳಗೆ ದಿಂಬು ಹಾಕಿದ ಕುರ್ಚಿಯಲ್ಲಿ ಕುಳಿತು, ಹುಡುಗಿಯರನ್ನೆಲ್ಲ ಹೊರಗೆ ನಿಲ್ಲಿಸಿ, ಮೋನಮ್ಮನೊಬ್ಬಳನ್ನೇ ಅಂಕಣಕ್ಕಿಳಿಸಿ, ‘ಹತ್ತು ಸಲ ಬುಟ್ಟಿಗೆ ಹಾಕಿ ತೋರಿಸಿ’ ಎಂದಿರಿ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

‘ಎದುರಿಗಿ ಯಾರ್ ಬರ್ತಾರ್ರಿ ಸಾಹೇಬ್ರ?’

‘ಯಾರೂ ಇಲ್ಲ. ನೀವೊಬ್ಬರೇ.’

‘ಮತ್ತ ನಾ ಯಾರನ್ನ ತಡೀಲಿರಿ? ಗಾಳೀನ?’

ತಾವು ನಗಲಿಲ್ಲ. ಬೇವಿನ ಮರದ ಮೇಲಿನ ಕಾಗೆ ನಕ್ಕಿತು. ಮೋನಮ್ಮ ಹತ್ತು ಸಲ ಎಸೆದಳು. ಒಂಬತ್ತು ನನ್ನ ಕಡೆಗೆ ಉರುಳಿದವು. ಹತ್ತನೆಯದು ಹೇಗೋ ಒಳಗೆ ಹೋಯಿತು. ‘ಏ ಯವ್ವಾ, ಹೋತು ನೋಡs!’ ಎಂದು ಅವಳೇ ಬೆರಗಾದಳು. ತಾವು ಎದ್ದು ನಿಂತು, ‘ಇವರಿಂದ ತಂಡಕ್ಕೇನು ಉಪಯೋಗ?’ ಎಂದು ಕೇಳಿದಿರಿ. ಉತ್ತರ ಕೊಟ್ಟವಳು ನಜೀಮಾ: ‘ಸರ್, ಮೋನಕ್ಕ ಇದ್ರ ನನಗ ಬುಟ್ಟಿ ಕಾಣಸ್ತದರಿ. ಇಲ್ದಿದ್ರ ಬರೇ ಮಂದಿ ಬೆನ್ನ ಕಾಣಸ್ತಾವ.’ ಅಷ್ಟು ಹೊತ್ತಿಗೆ ತಾವು ಜೀಪು ಹತ್ತಿಯಾಗಿತ್ತು.

ಅಧ್ಯಕ್ಷರೇ, ನನಗೆ ನೆನಪು ಎಂಬ ಕಾಯಿಲೆಯಿದೆ. ನಮ್ಮ ಕಡೆಗೆ ಮೊದಲ ಸಲ ನೀರು ಬಂದ ವರ್ಷ ಒಂದು ಉಪಕಾಲುವೆಗೆ ಹೊಸ ಗೇಟು ಕೂಡಿಸಿದ್ದರು. ಯಾವ ಉಪಕಾಲುವೆ ಎಂದು ಹೇಳುವುದಿಲ್ಲ, ಸಂಬಂಧಪಟ್ಟವರಿಗೆ ಬಡ್ತಿಯಾಗಿದೆ. ಬೇಸಿಗೆಯಲ್ಲಿ, ಕಾಲುವೆಯಲ್ಲಿ ಮೇಕೆಗಳು ಮಲಗಿದ್ದಾಗ, ಆ ಗೇಟಿನ ಪರೀಕ್ಷೆ ನಡೆಯಿತು. ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ತೆಂಗಿನಕಾಯಿ ಒಡೆದರು, ಫೋಟೊ ತೆಗೆಸಿಕೊಂಡರು. ಮಳೆಗಾಲದಲ್ಲಿ ನಿಜವಾದ ನೀರು ಬಂದಾಗ ಗೇಟು ಕೆಳಗಿಳಿಯದೆ ಅರ್ಧಕ್ಕೆ ಸಿಕ್ಕಿಕೊಂಡು ಕೂತಿತು. ಫೋಟೊ ತೋರಿಸಿದರೆ ನೀರು ನಿಲ್ಲುತ್ತದೆಯೇ? ಕಾಲುವೆ ಕಾಯುವ ಲಸ್ಕರ ತಾಯಪ್ಪ ಊರೊಳಗೆ ಓಡಿ ಬಂದು, ಕೈಗೆ ಸಿಕ್ಕ ದಪ್ಪ ಆಸಾಮಿಗಳನ್ನೆಲ್ಲ ಹಿಡಿದೊಯ್ದು ಗೇಟಿನ ತಲೆಯ ಮೇಲೆ ಭಾರಕ್ಕೆಂದು ಸಾಲಾಗಿ ಕೂಡಿಸಿದ. ಅವರಲ್ಲಿ ನಾನೂ ಒಬ್ಬ. ‘ಕಂಪೌಂಡರ್ ಸಾಹೇಬ್ರ, ಉಸುರು ಬಿಗೀ ಹಿಡೀರಿ, ಇನ್ನಟು ವಜ್ಜಿ ಆಗ್ತೀರಿ’ ಎಂದು ಅವನು ಕೂಗುತ್ತಿದ್ದ. ಹಿಡಿದೆ. ಗೇಟು ಕದಲಲಿಲ್ಲ. ಎದುರಿನ ಒತ್ತಡಕ್ಕಾಗಿಯೇ ಮಾಡಿದ ವಸ್ತುವನ್ನು ಒತ್ತಡವೇ ಇಲ್ಲದ ಜಾಗದಲ್ಲಿ ಪರೀಕ್ಷಿಸುವ ಬುದ್ಧಿವಂತಿಕೆ ಅಂದಿಗೇ ಮುಗಿಯಿತು ಎಂದುಕೊಂಡಿದ್ದೆ. ಕಳೆದ ಭಾನುವಾರ ಬೇವಿನ ಮರದ ಕೆಳಗೆ ಅದು ಮತ್ತೆ ದರ್ಶನ ಕೊಟ್ಟಿತು.

ತಾವು ಎಂಜಿನಿಯರರು. ಗೇಟು ಒಂದು ಹನಿ ನೀರನ್ನಾದರೂ ಹುಟ್ಟಿಸುತ್ತದೆಯೇ? ‘ನೀನು ಈವರೆಗೆ ಎಷ್ಟು ನೀರು ಕೊಟ್ಟೆ’ ಎಂದು ಕೇಳಿ ಗೇಟನ್ನು ಕಿತ್ತು ಹಾಕುತ್ತೀರಾ? ಹಾಗೆ ನೋಡಿದರೆ ಅಧ್ಯಕ್ಷರ ಕುರ್ಚಿ ಈವರೆಗೆ ಎಷ್ಟು ಅಂಕ ಗಳಿಸಿದೆ?

ತಮ್ಮ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೋನಮ್ಮ ವೇಗವಾಗಿ ಓಡಲಾರಳು. ರೆಫ್ರಿಗೆ ಎದುರು ಮಾತಾಡುತ್ತಾಳೆ. ಅವಳು ಬುಟ್ಟಿಗೆ ಹಾಕುವವಳಲ್ಲ ಎಂದು ಗೊತ್ತಾದರೆ ಎದುರಾಳಿಗಳು ಅವಳನ್ನು ಬಿಟ್ಟು ನಜೀಮಾಳ ಮೇಲೆ ಇಬ್ಬರನ್ನು ಬಿಡುತ್ತಾರೆ ಎಂಬುದು ತಮ್ಮ ಅತ್ಯಂತ ಗಟ್ಟಿ ಆಕ್ಷೇಪಣೆ. ಯಾದಗಿರಿಯ ಕಾಲೇಜು ಹುಡುಗಿಯರು ಹಿಂದಿನ ತಿಂಗಳ ಸ್ನೇಹಪಂದ್ಯದಲ್ಲಿ ಇದನ್ನೇ ಮಾಡಿದರು. ಮೊದಲರ್ಧ ನಾವು ಹಿಂದಿದ್ದೆವು, ನಾನು ಬೆವರಿದೆ. ಎರಡನೆಯ ಅರ್ಧದಲ್ಲಿ ಮೋನಮ್ಮ ತನ್ನನ್ನು ಬಿಟ್ಟು ಹೋದವಳ ದಾರಿಯಲ್ಲೇ ಹೋಗಿ ನಿಂತಳು. ಆ ಹುಡುಗಿ ಮೋನಮ್ಮನಿಗೆ ಹಾಯ್ದು ಬಿದ್ದಳು, ಹಿಂದೆ ಬರುತ್ತಿದ್ದ ಇನ್ನೊಬ್ಬಳು ಅವಳಿಗೆ ಹಾಯ್ದಳು. ನಜೀಮಾ ಅತ್ತ ಒಂಟಿಯಾಗಿ ನಿಂತಿದ್ದ ನಮ್ಮ ತಂಡದ ಸುಂದ್ರಮ್ಮನಿಗೆ ಚೆಂಡು ಕೊಟ್ಟಳು. ಸುಂದ್ರಮ್ಮ ಹಾಕಿದಳು. ಬಿದ್ದ ಹುಡುಗಿ ಎದ್ದು, ‘ಕಣ್ಣ ಕಾಣಸಂಗಿಲ್ಲೇನ ನಿನಗ?’ ಎಂದು ಎಗರಿದಾಗ ಮೋನಮ್ಮ ಸೊಂಟದ ಮೇಲೆ ಕೈಯಿಟ್ಟು, ‘ತಂಗಿ, ನಾ ಆವಾಗಿಂದ ಇಲ್ಲೇ ನಿಂತೀನಿ. ಬಂದು ಹಾಯ್ದಾಕಿ ನೀನs’ ಎಂದಳು. ರೆಫ್ರಿ ಹೌದೆಂದು ತಲೆಯಾಡಿಸಿದ. ಮುಗಿಯುವ ಹೊತ್ತಿಗೆ ನಾವು ಗೆದ್ದಿದ್ದೆವು. ಆ ಪಂದ್ಯಕ್ಕೆ ತಾವು ಬರಲಿಲ್ಲ. ಸೈಟಿಗೆ ಹೋಗಿದ್ದಿರಿ.

ಹಾಗಾದರೆ ಆ ಖಾಲಿ ಜಾಗ ಯಾರಿಗಾಗಿ? ಗುಲಬರ್ಗಾದ ಒಬ್ಬ ಎತ್ತರದ ಹುಡುಗಿಗಾಗಿ ಎಂದು ಎಲ್ಲರಿಗೂ ಗೊತ್ತು. ಒಳ್ಳೆಯ ಆಟಗಾರ್ತಿ, ಸಂಶಯವಿಲ್ಲ. ಬರುತ್ತಾಳೆ, ಬರುತ್ತಾಳೆ ಎಂದು ತಾವು ದೀಪಾವಳಿಯಿಂದ ಹೇಳುತ್ತಿದ್ದೀರಿ. ಸುರಪುರದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ತಾವು ನೋಡಿರಬೇಕು. ಟವೆಲಿನ ಒಡೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಕೂಸನ್ನೆತ್ತಿಕೊಂಡ ಹೆಂಗಸು ನಿಂತೇ ಶಹಾಪುರ ಮುಟ್ಟುತ್ತಾಳೆ. ನಮ್ಮ ತಂಡದಲ್ಲಿ ಈಗ ಒಂದು ಟವೆಲ್ ಆಡುತ್ತಿದೆ. ಅದು ಓಡುವುದಿಲ್ಲ, ನಿಲ್ಲುವುದೂ ಇಲ್ಲ.

ಭಾನುವಾರ ಸಂಜೆ ಬಸ್ಸಿಗೆ ಕಾಯುತ್ತ ನಾನೂ ಮೋನಮ್ಮನೂ ರಸ್ತೆಬದಿ ನಿಂತಿದ್ದೆವು. ಸಮಾಧಾನದ ಮಾತು ಹೇಳಲು ಹೋದೆ. ‘ಇರ್ಲಿ ಬಿಡ್ರಿ ಕಾಕಾ’ ಎಂದಳು. ಬಸ್ಸು ಬರುವ ದಾರಿ ನೋಡುತ್ತ, ‘ಗಿರಣ್ಯಾಗ ದಿನಾ ಮಂದಿ ನನ್ನ ಮುಂದ ಡಬ್ಬಿ ಇಟ್ಟು ಹೋಗ್ತಾರ. ಮಾರಿ ಸೈತ ನೋಡಂಗಿಲ್ಲ. ಇಲ್ಲಿ ಮಾತ್ರ “ಮೋನಕ್ಕಾ ಬಾ, ಮೋನಕ್ಕಾ ಬಾ” ಅಂತ ಒದರತಾವ ಹುಡುಗ್ಯಾರು. ಅದೊಂದು ರೂಢಿ ಬಿದ್ದದ ನೋಡ್ರಿ’ ಎಂದಳು. ಅವಳನ್ನು ಸೇರಿಸಿಕೊಳ್ಳುವ ಬೇರೆ ತಂಡ ನಮ್ಮ ಸುತ್ತಮುತ್ತ ಇಲ್ಲ. ತಾವು ಬೇಡವೆಂದರೆ ಅವಳ ಆಟ ಇಲ್ಲಿಗೆ ಮುಗಿಯಿತು. ಸೋಮವಾರ ಅವಳು ಬರುವುದಿಲ್ಲವೆಂದುಕೊಂಡಿದ್ದೆ. ಬಂದಳು. ಬೂಟು ಕೈಯಲ್ಲಿ ಹಿಡಿದುಕೊಂಡು, ನನ್ನ ಕಲ್ಲಿನ ಮೇಲೆ, ನನ್ನ ಪಕ್ಕದಲ್ಲಿ ಕುಳಿತಳು. ಉರುಳಿ ಬಂದ ಚೆಂಡನ್ನು ನನಗಿಂತ ಮೊದಲು ಹಿಡಿದಳು. ಅಧ್ಯಕ್ಷರೇ, ತಾವು ನನ್ನ ಹುದ್ದೆಗೂ ಸಂಚಕಾರ ತಂದಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ಶುಕ್ರವಾರ ಸಂಜೆ ಪರೀಕ್ಷೆ ಮತ್ತೊಮ್ಮೆ ನಡೆಯಲಿ, ಈ ಸಲ ಕಾಲುವೆಯಲ್ಲಿ ನೀರಿಟ್ಟುಕೊಂಡು. ನೀರು ತಾವೇ. ಕುರ್ಚಿ ಬಿಟ್ಟು ಅಂಕಣಕ್ಕಿಳಿಯಿರಿ. ತಗ್ಗಿನ ಕಡೆಗೇ ಓಡಿ. ಗ್ಯಾಂಗಿನವರು ಕೊಟ್ಟ ಇಳಿಜಾರು ತಮ್ಮ ಪಕ್ಷದಲ್ಲಿರಲಿ. ನಜೀಮಾ ಚೆಂಡು ಹಿಡಿದು ಹೊರಡುತ್ತಾಳೆ. ನಡುವೆ ಮೋನಮ್ಮ ನಿಂತಿರುತ್ತಾಳೆ. ನಜೀಮಾ ಬುಟ್ಟಿಗೆ ಹಾಕುವ ಮೊದಲು ತಾವು ಆ ಚೆಂಡನ್ನು ಬೆರಳ ತುದಿಯಿಂದ ಮುಟ್ಟಿದರೂ ಸಾಕು, ಮುಂದಿನ ವಾರ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಮುಟ್ಟಲಾಗದಿದ್ದರೆ ಅಲ್ಲೇ, ಬಿದ್ದ ಜಾಗದಲ್ಲೇ, ಮೋನಮ್ಮನ ಹೆಸರಿನ ಮುಂದೆ ಸಹಿ ಹಾಕಬೇಕು. ಪೆನ್ನು ನಾನು ತರುತ್ತೇನೆ. ಅಯೋಡಿನ್ ಕೂಡ.

ಇಂತಿ,
ಕಲ್ಲಿನ ಮೇಲೆ ಅರ್ಧ ಜಾಗ ಮಾತ್ರ ಉಳಿದಿರುವ,
ಪರಮಣ್ಣ, ನಿವೃತ್ತ ಕಂಪೌಂಡರ್, ರಂಗಂಪೇಟೆ